ಮಾವನ ತುರುಬು

ರೆಡ್ ಬಟ್, ನ್ಯೂ ಮೆಕ್ಸಿಕೊ
ನವೆಂಬರ್ ೯

ಮುದ್ದಿನ ಮಗಳು ವರ್ಲೀನಾಗೆ,

ಹೇಗಿದ್ದೀಯೆ? ಕೆಮ್ಮು ಬಿಟ್ಟಿತೇ? ಮೊನ್ನೆ ಸಭೆಯ ಪರದೆಯ ಮೇಲೆ ನೋಡಿದಾಗ ನಿನ್ನ ಕೆನ್ನೆ ಒಳಗೆ ಹೋಗಿತ್ತು. ನಾನಿಲ್ಲಿ ಶಾಲೆಯ ಅಡುಗೆಮನೆಯಲ್ಲಿ ಊರ ಮಕ್ಕಳಿಗೆಲ್ಲ ಬೇಯಿಸಿ ಹಾಕುತ್ತೇನೆ, ನನ್ನ ಮಗು ಮಾತ್ರ ರಾಜಧಾನಿಯಲ್ಲಿ ತಣ್ಣಗಿನ ಬ್ರೆಡ್ಡು ತಿನ್ನುತ್ತದೆ. ಅಜ್ಜಿಗೆ ಮೊಣಕಾಲು ನೋವು, ಆದರೂ ಕುರಿಗಳ ಹಿಂದೆ ಹೋಗುವುದನ್ನು ಬಿಟ್ಟಿಲ್ಲ. ನಿನ್ನ ನಾಯಿ ಮತ್ತೆ ಮರಿ ಹಾಕಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ 'ಅಮ್ಮಾ, ಇನ್ನೊಂದು ಕಾಲ್ ಬರ್ತಿದೆ' ಅನ್ನುತ್ತೀಯೆ. ಕಾಗದಕ್ಕೆ ಆ ಕಾಟವಿಲ್ಲ.

ನಿನ್ನ ಹ್ಯಾಸ್ಕಿ ಮಾವನಿಗೆ ಏನಾಯಿತು ಎಂಬುದು ನಿನ್ನ ಕಚೇರಿಗೆ ತಲುಪಿದೆ. ನಮ್ಮ ಮನೆಯಲ್ಲಿ ಏನಾಯಿತು ಎಂಬುದು ತಲುಪಿದಂತೆ ಕಾಣಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೆದ್ದಾರಿಯಲ್ಲಿ, ನಮ್ಮ ನವಾಹೋ ಬುಡಕಟ್ಟಿನ ಸೀಮೆಯ ಬೇಲಿ ಮುಗಿಯುವಲ್ಲಿ, ಅವನು ಎಂದಿನಂತೆ ಪೈನ್ ಬೀಜ ಮಾರುತ್ತ ಕೂತಿದ್ದ. ಪಟ್ಟಣದ ಮೂವರು ಬಿಳಿ ಹುಡುಗರು ಪಿಕಪ್ ನಿಲ್ಲಿಸಿದರು. ಬೇಲಿಯ ಆಚೆ ಹೊಡೆದರು, ಈಚೆ ಎಳೆದು ತಂದು ತುರುಬು ಕತ್ತರಿಸಿದರು. 'ಈಗ ನೋಡೋ, ಮನುಷ್ಯನ ಥರ ಕಾಣ್ತೀಯ' ಅಂದು ನಕ್ಕರಂತೆ. ಕುರಿ ಮೇಯಿಸುತ್ತಿದ್ದ ಅಜ್ಜಿ ಅಲ್ಲಿಗೆ ತಲುಪುವ ಹೊತ್ತಿಗೆ ಅವರು ಹೋಗಿಯಾಗಿತ್ತು. ಬೆಳಿಗ್ಗೆ ತಾನೇ ಬಾಚಿ, ಬಿಳಿ ಉಣ್ಣೆದಾರ ಸುತ್ತಿ ಕಟ್ಟಿದ್ದ ತುರುಬು ಮಣ್ಣಿನಲ್ಲಿ ಬಿದ್ದಿತ್ತು. ಅವಳು ಒಂದೆಳೆಯೂ ಬಿಡದಂತೆ ಆರಿಸಿ ಶಾಲಿನ ತುದಿಯಲ್ಲಿ ಕಟ್ಟಿಕೊಂಡು ಬಂದಳು. ಮನೆಗೆ ಬಂದವಳೇ ಪ್ರಾರ್ಥನೆ ಹೇಳಿ ಒಲೆಗೆ ಹಾಕಿ ಸುಟ್ಟಳು. ಇನ್ನೇನು ಮಾಡಬೇಕಿತ್ತು? ನಿನ್ನ ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನೂ ಅವಳು ಹಾಗೇ ಸುಡುತ್ತಿದ್ದಳಲ್ಲ.

ಆಮೇಲೆ ನಿನ್ನ ಪೊಲೀಸರು ಬಂದರು. ಇಷ್ಟು ವರ್ಷ ಒಬ್ಬರ ಮುಖ ಒಬ್ಬರು ನೋಡದ ಪೊಲೀಸರನ್ನೆಲ್ಲ ಒಂದು ಮಾಡುತ್ತೇನೆ, ಇಂಥ ದ್ವೇಷದ ಕೆಲಸಗಳನ್ನು ಇನ್ನು ಯಾರೂ ಮುಚ್ಚಿಹಾಕಲು ಆಗುವುದಿಲ್ಲ ಎಂದು ಈ ಸರ್ಕಾರಿ ಕೆಲಸಕ್ಕೆ ಸೇರಿದಾಗ ನೀನು ಹೇಳಿದ್ದಕ್ಕೆ ನಾನು ಅಡುಗೆಮನೆಯವರಿಗೆಲ್ಲ ಹೇಳಿಕೊಂಡು ಮೆರೆದಿದ್ದೆ. ಒಂದಾದದ್ದು ನಿಜ, ಒಟ್ಟಿಗೇ ಬಂದರು. ಪಟ್ಟಣದವರು, ಕೌಂಟಿಯ ಷೆರೀಫ್, ನಮ್ಮ ಪೊಲೀಸರು, ಕೇಂದ್ರ ಸರ್ಕಾರದವರು. ಅದೇ ಪ್ರಶ್ನೆಯನ್ನು ಒಬ್ಬರಾದ ಮೇಲೊಬ್ಬರು ಕೇಳಿದರು. ಹೊಡೆದದ್ದು ಬೇಲಿಯಾಚೆ, ಅದು ಕೌಂಟಿಗೆ ಸೇರಿದ್ದು, ಅವರು ಅದನ್ನು ಕುಡುಕರ ಜಗಳ ಎಂದು ಬರೆದುಕೊಂಡರು. ನೀನು ಹುಟ್ಟುವ ಮೊದಲೇ ಕುಡಿತ ಬಿಟ್ಟ ನನ್ನ ತಮ್ಮ ಕುಡುಕ! ಕೂದಲು ಕತ್ತರಿಸಿದ್ದು ಈಚೆ, ಆದರೆ ಹೊರಗಿನವರನ್ನು ಹಿಡಿಯುವ ಹಕ್ಕು ನಮ್ಮ ಪೊಲೀಸರಿಗಿಲ್ಲ. ಹಿಡಿಯಬಲ್ಲ ಕೇಂದ್ರದವರು ತುರುಬು ಎಲ್ಲಿ ಎಂದು ಕೇಳಿದರು. ಸುಟ್ಟೆವು ಅಂದರೆ ಮುಖ ಮುಖ ನೋಡಿಕೊಂಡರು. ಅದು ಅವನೇ ಯಾವಾಗಲೋ ಕತ್ತರಿಸಿಕೊಂಡದ್ದು ಎಂದು ಆ ಹುಡುಗರು ಹೇಳಿದ್ದಾರಂತೆ.

ಊರ ಸಭಾಭವನದಲ್ಲಿ ನಡೆದ ನಿನ್ನ ಸಭೆಗೆ ಕುರಿಮಾಂಸದ ಸಾರು ಮಾಡಿದವಳು, ರೊಟ್ಟಿ ಕರಿದವಳು ನಾನೇ. ಷೆರೀಫ್ ಬೆರಳು ಚೀಪಿಕೊಂಡು ಎರಡನೇ ಸಲ ಹಾಕಿಸಿಕೊಂಡ. ಆಮೇಲೆ ಎದ್ದು ನಿಂತು, 'ಆ ಕೂದ್ಲೊಂದು ಇದ್ದಿದ್ರೆ ನಮ್ಮ ಕೈ ಗಟ್ಟಿ ಇರ್ತಿತ್ತು, ನೀವೇ ಸುಟ್ಟು ಕೂತಿದ್ದೀರಿ' ಅಂದ. ಅಜ್ಜಿ ಕೋಲು ಊರಿಕೊಂಡು ಎದ್ದಳು. 'ನನ್ನ ಮಗನ ಕೂದ್ಲು ದಾರೀಲಿ ಬಿಟ್ಟು ಬರ್ಲೇನೋ? ಅವನ ತಲೆ ಇಲ್ಲೇ ಇದೆಯಲ್ಲ, ನೋಡು, ಕಣ್ಣಿಲ್ವಾ ನಿಂಗೆ?' ನಮ್ಮವನೇ ಆದ ಪೊಲೀಸ್ ಹುಡುಗ ಅದನ್ನು ಇಂಗ್ಲಿಷಿಗೆ ತಿರುಗಿಸಿ, ಅಜ್ಜಿಗೆ ಬಹಳ ನೋವಾಗಿದೆಯಂತೆ ಅಂದ. ಅಷ್ಟೇ ಅಂದ.

ಕೊನೆಗೆ ಪರದೆಯ ಮೇಲೆ ನೀನು ಬಂದೆ. ಅಕ್ಕನ ಮಗಳು ನೋಡುತ್ತಾಳೆಂದು ಮಾವ ನೀಲಿಕಲ್ಲಿನ ಸರ ಹಾಕಿಕೊಂಡು, ಟೋಪಿಯಲ್ಲಿ ತಲೆ ಮುಚ್ಚಿಕೊಂಡು ಮುಂದೆಯೇ ಕೂತಿದ್ದ. ನೀನು ಚೆನ್ನಾಗಿ ಮಾತಾಡಿದೆ. ಎಲ್ಲ ಇಲಾಖೆಗಳಿಗೂ ಹೆಸರು ಹಿಡಿದು ಧನ್ಯವಾದ ಹೇಳಿದೆ. ನಿನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನನ್ನು 'ಸಂತ್ರಸ್ತ ವ್ಯಕ್ತಿ' ಅಂದೆ. ಸಂಬಂಧ ಹೇಳಬಾರದೆಂಬ ನಿಯಮವಿರಬಹುದು, ನನಗೆ ನಿಮ್ಮ ನಿಯಮ ಗೊತ್ತಾಗುವುದಿಲ್ಲ. ಆದರೆ ನಮ್ಮಲ್ಲಿ ಯಾರು ಎದ್ದು ನಿಂತರೂ ಮೊದಲು ತಾನು ಯಾರ ಮಗಳು, ಯಾವ ಕುಲದವಳು ಎಂದು ಹೇಳುತ್ತಾರೆ, ಆಮೇಲೆ ಮಾತು. ನೀನು ಹೇಳಲಿಲ್ಲ. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಎದ್ದು ಹೋದೆ ವರ್ಲೀನಾ. ಮಾವ ಮಾತ್ರ ದಾರಿಯುದ್ದಕ್ಕೂ 'ಎಷ್ಟು ಚೆನ್ನಾಗಿ ಮಾತಾಡಿದ್ಲು ನಮ್ಮ ಹುಡುಗಿ' ಅನ್ನುತ್ತಿದ್ದ.

ಅಜ್ಜಿ ನಿನಗಾಗಿ ಬೆಳಗಿನ ಪ್ರಾರ್ಥನೆ ತಪ್ಪಿಸಿಲ್ಲ. ನೀನು ನಡೆದಲ್ಲೆಲ್ಲ ನಿನಗೆ ಒಳ್ಳೆಯದಾಗಲಿ. ಬಿಸಿಯಾಗಿ ಏನಾದರೂ ತಿನ್ನು.

ನಿನ್ನ ಅಮ್ಮ,
ಎಲೊಯಿಸ್

ಮರೆತದ್ದು: ಅಂಚೆಗೆ ಹೊರಟವಳು ನಿಂತು ಬರೆಯುತ್ತಿದ್ದೇನೆ. ಇದರ ಜೊತೆ ಒಂದು ಪೊಟ್ಟಣವಿದೆ, ಒಬ್ಬಳೇ ಇದ್ದಾಗ ಬಿಚ್ಚು. ಇವತ್ತು ಬೆಳಿಗ್ಗೆ ಮಾವ ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ತೆಗೆದುಕೊಂಡು ಉಳಿದ ಕೂದಲನ್ನೂ ತೆಗೆದುಬಿಟ್ಟ. 'ಇದನ್ನ ಸುಡ್ಬೇಡ ಅಕ್ಕಾ. ಸುಟ್ಟಿದ್ದಕ್ಕೇ ತಾನೇ ಹುಡುಗಿಗೆ ಕಷ್ಟ ಆಗಿದ್ದು? ಅವಳಿಗೆ ಕಳ್ಸು' ಅಂದ. ಇದರಿಂದ ಏನೂ ಆಗುವುದಿಲ್ಲ ಎಂದು ಅವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅಜ್ಜಿಗೆ ಗೊತ್ತಿಲ್ಲ. ನೀನೇ ಇದನ್ನು ವಾಪಸ್ಸು ತಾ, ಮಾವಾ ಎಂದು ಕರೆದು ಅವನೆದುರೇ ಸುಡು. ಅವನೇ ಕತ್ತರಿಸಿಕೊಂಡ ಎಂದಿದ್ದರಲ್ಲ ಆ ಹುಡುಗರು, ಈಗ ಅದೂ ನಿಜವಾಯಿತು.