ನಾನು ಮಿಟುಕಿಸಿದ ಎಡಗಣ್ಣು

ಟಾಲ್ಬರ್ಟ್ ಕೌಂಟಿ, ನೆಬ್ರಾಸ್ಕಾ
ನವೆಂಬರ್ ೧೪, ಸೋಮವಾರ

‘ಲೆಡ್ಜರ್’ ಪತ್ರಿಕೆಯ ಸಂಪಾದಕಿಯೂ ನನ್ನ ತಂಗಿಯ ಮಗಳೂ ಆದ ನಡೀನ್‌ಗೆ ಡೆಲ್ಬರ್ಟ್ ಮಾವನ ಆಶೀರ್ವಾದಗಳು.

ಈ ರಾಜ್ಯದ ಐವರು ಗವರ್ನರುಗಳನ್ನು ಕುರ್ಚಿಯ ಮೇಲೆ ಕೂರಿಸಿದವನೂ ಇಬ್ಬರನ್ನು ಇಳಿಸಿದವನೂ ನಾನೇ ಎಂಬುದು ನಿನಗೆ ಗೊತ್ತಿರುವ ವಿಷಯ. ಅವರಲ್ಲೊಬ್ಬ ಪ್ರಮಾಣವಚನದ ಹಿಂದಿನ ದಿನ ಫೋನು ಮಾಡಿ, ಯಾವ ಬಣ್ಣದ ಟೈ ಕಟ್ಟಲಿ ಎಂದು ನನ್ನನ್ನೇ ಕೇಳಿದ್ದ. ಒಂದೇ ಕೋಣೆಯ ಶಾಲೆಯಲ್ಲಿ ಎಂಟನೇ ತರಗತಿ ಮುಗಿಸಿದವನಿಗೆ ಇಷ್ಟು ರಾಜಕೀಯ ಎಲ್ಲಿಂದ ಬಂತು ಎಂದು ನಮ್ಮೂರ ಹೋಟೆಲಿನಲ್ಲಿ, ಆ ಡೈನರಿನಲ್ಲಿ, ಜನ ಬೆರಗಾಗುತ್ತಾರೆ. ಆಗುತ್ತಿದ್ದರು. ಹೋದ ಮಂಗಳವಾರದ ಚುನಾವಣೆಯ ನಂತರ ನನ್ನ ಬೆಂಚಿನಲ್ಲಿ ಯಾರೂ ಕೂರುತ್ತಿಲ್ಲ.

ನನಗೆ ರೇಗಿಹೋಗಿದೆ, ಮಗಳೇ. ಟಿವಿ ಹಾಕಿದರೆ ಎಂಟು ಚೌಕಗಳಲ್ಲಿ ಎಂಟು ತಲೆಗಳು, ಎಂಟೂ ಒಟ್ಟಿಗೆ ಕೂಗುತ್ತವೆ. ಇತ್ತ ನಿನ್ನ ಪತ್ರಿಕೆ ಎಂಟು ಪುಟದಿಂದ ನಾಲ್ಕಕ್ಕಿಳಿದಿದೆ, ಕ್ರಿಸ್‌ಮಸ್ಸಿಗೆ ಮುಚ್ಚುತ್ತದಂತೆ. ನಿಮ್ಮಪ್ಪ ಅದನ್ನು ನಡೆಸುತ್ತಿದ್ದಾಗ, ಹಂದಿ ತಪ್ಪಿಸಿಕೊಂಡ ಸುದ್ದಿಗೂ ಹಂದಿಯ ಒಡೆಯನನ್ನು ಎರಡು ಸಲ ವಿಚಾರಿಸುತ್ತಿದ್ದರು. ನೀನೂ ಅಷ್ಟೆ. ಓದುಗರ ಪತ್ರ ಬಂದರೆ, ಬರೆದವರಿಗೆ ಫೋನು ಮಾಡಿ, ಪೂರ್ತಿ ಓದಿ ಹೇಳಿ, “ಇದು ನೀವೇ ಬರ್ದಿದ್ದಾ?” ಎಂದು ಕೇಳದೆ ಅಚ್ಚಿಗೆ ಕಳಿಸುವುದಿಲ್ಲ. ಅದನ್ನು ಕಂಡು ನಾನು ನಗುತ್ತಿದ್ದೆ.

ಆಗಸ್ಟಿನಲ್ಲಿ ಎಲ್ಲರ ಅಂಚೆ ಡಬ್ಬಿಗೂ ಪುಕ್ಕಟೆ ಬಂದು ಬಿತ್ತಲ್ಲ, ‘ಟಾಲ್ಬರ್ಟ್ ಟೈಮ್ಸ್’? ಅದರ ವರದಿಗಾರ ಬ್ರೆಂಟ್ ಎಂಬ ಇಸ್ತ್ರಿ ಅಂಗಿಯವನು ಡೈನರಿಗೆ ಬಂದು ನನಗೆ ಚೆರ್ರಿ ಪೈ ಕೊಡಿಸಿದ. “ಯಜಮಾನ್ರೇ, ಈ ಕೌಂಟಿ ಒಳಗುಟ್ಟು ನಿಮ್ಮನ್ನ ಬಿಟ್ರೆ ಯಾರಿಗೂ ಗೊತ್ತಿಲ್ವಂತೆ” ಎಂದ. ಇಷ್ಟು ವರ್ಷದಲ್ಲಿ ನೀನು ಒಂದು ದಿನವಾದರೂ ಹೀಗೆ ಕೇಳಿದ್ದೀಯಾ? ಅವನು ಎರಡನೇ ತುಂಡು ತರಿಸಿದಾಗ ನಾನೆಂದೆ, “ವಿಲ್ಮಾ ಕ್ರೌಸ್ ಪೆಟ್ಟಿಗೆ ಹೊತ್ಕೊಂಡು ಕೋರ್ಟಿನ ಹಿಂಬಾಗಿಲಿಂದ ಹೋಗೋದನ್ನ ಕಣ್ಣಾರೆ ನೋಡಿದೀನಪ್ಪ.”

ನೋಡಿದ್ದು ನಿಜ. ಪ್ರತಿ ಸಲ ಚುನಾವಣೆಗೆ ನಿಂತು ಗೆದ್ದು, ಆ ಕೋರ್ಟಿನ ಕಟ್ಟಡದಲ್ಲೇ ಕೌಂಟಿ ಕ್ಲರ್ಕಾಗಿ ಇಪ್ಪತ್ತು ವರ್ಷ ನಮ್ಮ ಮತ ಎಣಿಸಿದ ಹೆಂಗಸು ಪೆಟ್ಟಿಗೆಯಲ್ಲಿ ಚರ್ಚಿನ ಊಟಕ್ಕೆ ಪೀಚ್ ಹಣ್ಣಿನ ಜಾಡಿಗಳನ್ನು ಒಯ್ಯುತ್ತಿದ್ದಳು. ಆ ಪೀಚನ್ನು ನಾನೇ ಮೂರು ಸಲ ಬಡಿಸಿಕೊಂಡು ತಿಂದಿದ್ದೆ.

ಬ್ರೆಂಟ್ ಮುಂದಕ್ಕೆ ಬಗ್ಗಿ, “ಮತಪತ್ರದ ಪೆಟ್ಟಿಗೇನಾ?” ಎಂದ.

ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಎಡಗಣ್ಣು ಮಿಟುಕಿಸಿದೆ.

ಮುಂದಿನ ವಾರ ಮುಖಪುಟದಲ್ಲಿ, ‘ಹಿಂಬಾಗಿಲಿಂದ ಹೋದ ಪೆಟ್ಟಿಗೆಗಳು: ಮತಪತ್ರ ಎಂಬುದನ್ನು ನಿರಾಕರಿಸದ ಹಿರಿಯ ರಾಜಕೀಯ ವಿಶ್ಲೇಷಕ.’ ವಿಶ್ಲೇಷಕ ಎಂಬ ಮಾತಿಗಾಗಿ ನಾನು ಹನ್ನೆರಡು ಪ್ರತಿ ಒಟ್ಟುಮಾಡಿದೆ. ಅಂದೇ ನೀನು ಫೋನು ಮಾಡಿ, “ಮಾವ, ಆ ಹಿರಿಯರು ನೀವೇನಾ? ಪೆಟ್ಟಿಗೇಲಿ ಏನಿತ್ತು?” ಎಂದು ಕೇಳಿದೆ. “ಮೂಲ ಯಾವ್ದು ಅಂತ ಪತ್ರಿಕೆಯವ್ರು ಬಾಯಿ ಬಿಡಲ್ಲಮ್ಮ” ಎಂದು ಫೋನಿಟ್ಟೆ. ಇಡಬಾರದಿತ್ತು.

ಹೋದ ಮಂಗಳವಾರ ವಿಲ್ಮಾ ಆ ಕ್ಲರ್ಕ್ ಹುದ್ದೆಯನ್ನು ಮೂವತ್ತೊಂದು ಮತಗಳಿಂದ ಸೋತಳು. ಶುಕ್ರವಾರ ಕಿರಾಣಿ ಅಂಗಡಿಯಲ್ಲಿ ಎದುರಾದಾಗ ಬೈಯಲಿಲ್ಲ. “ಡೆಲ್ಬರ್ಟ್, ಪೀಚಿಗೆ ಸಕ್ಕರೆ ಸಾಕಿತ್ತು ತಾನೆ?” ಎಂದಳು ಅಷ್ಟೆ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ.

‘ಟೈಮ್ಸ್’ಗೆ ಫೋನು ಮಾಡಿದೆ, ಆ ಸಂಖ್ಯೆಯೇ ಇಲ್ಲವಂತೆ. ಎಂಬತ್ತು ಮೈಲಿ ಗಾಡಿ ಓಡಿಸಿ ವಿಳಾಸ ಹುಡುಕಿದೆ. ಅದು ಅಂಚೆ ಡಬ್ಬಿ ಬಾಡಿಗೆಗೆ ಕೊಡುವ ಅಂಗಡಿ. ಗಲ್ಲಾದಲ್ಲಿದ್ದ ಹೆಂಗಸು ತಲೆಯೆತ್ತದೆ, “ಬ್ರೆಂಟಾ? ಈ ವಾರ ನೀವು ನಾಲ್ಕನೆಯವ್ರು ಅಜ್ಜ, ಸಾಲಾಗಿ ನಿಂತ್ಕೊಳ್ಳಿ” ಎಂದಳು. ‘ಟೈಮ್ಸ್’ನ ಪೋಷಕನಾಗಲು ನಾನು ಬ್ರೆಂಟ್‌ಗೆ ಕೊಟ್ಟ ಐವತ್ತು ಡಾಲರೂ ಹೋಯಿತು.

ಆದ್ದರಿಂದ ಗುರುವಾರದ ಸಂಚಿಕೆಯಲ್ಲಿ ಇಷ್ಟನ್ನು ಹಾಕು: ‘ವಿಲ್ಮಾ ಕ್ರೌಸ್ ಒಯ್ದದ್ದು ಪೀಚ್ ಜಾಡಿಗಳನ್ನು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಕಣ್ಣು ಮಿಟುಕಿಸಿದೆ.’ ಕೆಳಗೆ ನನ್ನ ಪೂರ್ತಿ ಹೆಸರಿರಲಿ; ವಿಶ್ಲೇಷಕ ಎಂಬುದು ಬೇಡ. ಹಾಕುವ ಮುಂಚೆ ನಿನ್ನ ಪದ್ಧತಿಯಂತೆ ಫೋನು ಮಾಡು. ಈ ಸಲ ಇಡುವುದಿಲ್ಲ.

ನಿನ್ನ ಮಾವ,
ಡೆಲ್ಬರ್ಟ್ ಸ್ಟ್ರೌಡ್

ಮರೆತ ಮಾತು: ಗವರ್ನರುಗಳ ವಿಷಯ ಹೊಡೆದುಹಾಕು. ಐವತ್ತು ಡಾಲರೆಂದು ಮೇಲೆ ಬರೆದಿದ್ದೇನಲ್ಲ, ಅದನ್ನೂ. ಜೂನಿನಲ್ಲಿ ನೀನು ಅಚ್ಚಿನ ಮನೆಯ ಬಾಕಿಗೆಂದು ಮೂರು ಸಾವಿರ ಸಾಲ ಕೇಳಲು ಬಂದಾಗ, ನಾನು ಎರಡೂ ಜೇಬು ಹೊರಗೆಳೆದು ತೋರಿಸಿ ನಗಿಸಿದೆನಲ್ಲ? ಹಣ ಆಗ ಅಡುಗೆಮನೆಯಲ್ಲಿ, ನಿನ್ನ ಬೆನ್ನ ಹಿಂದಿನ ಹಿಟ್ಟಿನ ಡಬ್ಬದಲ್ಲಿತ್ತು. ಎರಡು ತಿಂಗಳಾದ ಮೇಲೆ ಬ್ರೆಂಟ್ ‘ಪೋಷಕ’ ಎಂಬ ಚಿನ್ನದ ಅಂಚಿನ ಪ್ರಮಾಣಪತ್ರ ಕೊಟ್ಟು ಎಲ್ಲವನ್ನೂ ಒಯ್ದ. ನಾಲ್ಕು ಸಾವಿರದ ಆರುನೂರು ಡಾಲರ್.