ದೇಟಿಲ್ಲದ ಗುಲಾಬಿ

ಸಾರಿಕಾ, ಈ ಪತ್ರವನ್ನು ಅಂಚೆಗೆ ಹಾಕುವವಳಲ್ಲ ನಾನು. ನೀನು ತವರಿಗೆ ಹೋಗಿ ಎಂಟು ತಿಂಗಳಾದರೂ ನಿನ್ನ ಗುಲಾಬಿ ಗಿಡ ಬಾಡಿಲ್ಲ. ಮಳೆ ನಿಂತ ಮೇಲೆ ನಾನೇ ಟೊಂಗೆ ಕತ್ತರಿಸಿ ಗೊಬ್ಬರ ಹಾಕಿದೆ. ಕಾರ್ತಿಕದಲ್ಲಿ ಅಂಗೈಯಷ್ಟು ದೊಡ್ಡ ಹೂ ಬಿಟ್ಟಿತು.

ಇವತ್ತು ಉದಗೀರದ ಪುಷ್ಪ ಪ್ರದರ್ಶನಕ್ಕೆ ಒಯ್ದೆ. ಲಿಂಗಪೂಜೆಗೆ ಕೀಳುವಂತೆ ಕುತ್ತಿಗೆಗೇ ಕಿತ್ತು, ಬುಟ್ಟಿಯಲ್ಲಿ ಒದ್ದೆ ಬಟ್ಟೆ ಹಾಸಿ ಇಟ್ಟಿದ್ದೆ. ಪರೀಕ್ಷಕರು ನೋಡಿ ನಕ್ಕರು.

"ಆಯಿ, ಹೂ ಭಾರಿ ಅದರೀ. ದೇಟ ಇಲ್ಲಂದ್ರ ಬಾಟಲ್ಯಾಗ ಹ್ಯಾಂಗ ನಿಲ್ಲಸಬೇಕು?"

"ನಮ್ಮ ಹೂ ದೇವರ ಮ್ಯಾಲ ಕೂಡತಾವರೀ, ಬಾಟಲ್ಯಾಗ ನಿಲ್ಲೂದಿಲ್ಲ," ಎಂದೆ.

ಸುತ್ತಲಿನವರು ಚಪ್ಪಾಳೆ ತಟ್ಟಿದರು. ಬಹುಮಾನ ಬರಲಿಲ್ಲ. ಎಲೆ ಸಮೇತ ಗೇಣುದ್ದ ದೇಟು ಸೇರಿಸಿ ಕೊಯ್ಯಬೇಕೆಂದು ನೀನು ಅಂದು ಹೇಳಿದಾಗ, "ನನಗ ಕಲಸಬ್ಯಾಡ" ಎಂದು ಗದರಿದ್ದೆ. ಮಾತು ಅಷ್ಟಕ್ಕೇ ನಿಲ್ಲಿಸಿದ್ದರೆ ಆ ದಿನ ನೀನು ಚೀಲ ಕಟ್ಟುತ್ತಿರಲಿಲ್ಲ.

"ಗಿಡ ಯಾರ್ ಹಚ್ಚ್ಯಾರ್ರೀ?" ಎಂದು ಪರೀಕ್ಷಕರು ಕೇಳಿದರು.

"ನಮ್ಮ ಸೊಸಿ."

"ಆಕಿ ಬಂದಿಲ್ಲೇನ್ರೀ?"

"ತವರಮನಿ ಮಾಕಣಿಗಿ ಹೋಗ್ಯಾಳ. ಸೋಮವಾರ ಬರ್ತಾಳ," ಎಂದುಬಿಟ್ಟೆ.

ಹತ್ತು ಜನ ಕೇಳಿಸಿಕೊಂಡಿದ್ದಾರೆ. ನಾನು ಆಡಿದ ಮಾತು ಇದುವರೆಗೆ ಸುಳ್ಳಾಗಿಲ್ಲ. ಇವತ್ತು ಶನಿವಾರ. ಮಾಕಣಿಗೆ ಬಂದು ನಿನ್ನನ್ನು ಕರೆಯಲು ನನಗೆ ನಾಳೆ ಒಂದೇ ದಿನ ಉಳಿದಿದೆ.