ಮೈಕ್ ನಿನ್ನ ಕೈಯಲ್ಲಿತ್ತು

ಸುಪ್ರೀತಾ,

ಇದನ್ನು ನಿನಗೆ ಕಳಿಸುವುದಿಲ್ಲ. ಇವತ್ತು ನಮ್ಮ ಭೀಮನಬೀಡಿನ ಕಾನೂನು ಅರಿವು ಶಿಬಿರದಲ್ಲಿ ನೀನು ಮೈಕ್ ಹಿಡಿದು ನಿಂತಿದ್ದೆಯಲ್ಲ, ನೋಡಿ ಹೊಟ್ಟೆ ಉರಿಯಿತು. ಚಾಮರಾಜನಗರದ ಕಾಲೇಜಿನಲ್ಲಿ ಪ್ಯಾರಾಲೀಗಲ್ ಕೋರ್ಸಿಗೆ ಇಬ್ಬರೂ ಒಟ್ಟಿಗೇ ಸೇರಿದ್ದೆವು. ಬಸುರಿಯಾಗಿ ನಾನು ಬಿಟ್ಟೆ, ನೀನು ಮುಗಿಸಿದೆ.

ನನ್ನ ಮಗು ಅತ್ತಿತು. "ಅಮ್ಮಾ, ಸ್ವಲ್ಪ ಮಗೂನ ಆಚೆ ಕರ್ಕೊಂಡ್ಹೋಗಿ" ಎಂದು ನೀನೇ ಹೇಳಿದೆ, ನನ್ನನ್ನು ನೋಡಿಕೊಂಡೇ. ನಿದ್ದೆಯಿಲ್ಲದ ಈ ಮುಖದ ಗುರುತೇ ಸಿಗಲಿಲ್ಲವೇನೇ?

ಹೊರಗೆ ಜಗಲಿಯ ಮೇಲೆ ಕೂತಿದ್ದ ಅಜ್ಜಿಯೊಬ್ಬಳಿಗೆ ನಿನ್ನ ಮಾತು ಅರ್ಥವಾಗಿರಲಿಲ್ಲ. ತವರಿನ ಜಮೀನಿನಲ್ಲಿ ಹೆಣ್ಣುಮಕ್ಕಳಿಗೂ ಪಾಲಿದೆ ಎಂಬುದನ್ನು ನಾನು ಬಿಡಿಸಿ ಹೇಳಿದೆ.

"ಈಗ ತಿಳೀತು ಕಣಮ್ಮಿ. ನೀನೂ ಅವ್ಳಂಗೇ ಓದಿದ್ದೀಯಾ?"

"ಇಲ್ಲಜ್ಜಿ, ಆ ಮೇಡಮ್ಮು ಹೇಳಿದ್ದನ್ನೇ ಹೇಳ್ದೆ."

"ಅಂಗಾದ್ರೆ ಅವ್ಳು ಬಲೇ ಬುದ್ವಂತೆ ಬುಡು."

ಹೂಂ ಅಂದೆ.